ವಾಲಿಗೆ ಯಾರು, ರಾಮನಿಗೆ ಯಾರು?

ಕಳೆದ ದಸರೆಯ ರಜೆಗೆ ಬೆಂಗಳೂರಿನಲ್ಲಿ ಓದುತ್ತಿರುವ ಮೊಮ್ಮಗ ಮನೆಗೆ ಬಂದಿದ್ದ. ಬಂದವನು ತೋಟದ ಕಡೆಗೆ ತಲೆ ಹಾಕಲಿಲ್ಲ. ಜಗಲಿಯ ಮೂಲೆಯಲ್ಲಿ ಕುಳಿತು ಮೂರು ದಿನ ಒಂದೇ ಹಾಳೆಯ ಮೇಲೆ ಅಂಕಿ ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು. ಮೂವತ್ತಾರು ವರ್ಷ ಉತ್ತರಪತ್ರಿಕೆ ತಿದ್ದಿದವನಿಗೆ ಕಾಗದದ ಮೇಲೆ ಅಂಕಿ ಕಂಡರೆ ಸುಮ್ಮನಿರಲಾಗುವುದಿಲ್ಲವಷ್ಟೆ. ಕನ್ನಡಕ ಏರಿಸಿಕೊಂಡು ಹತ್ತಿರ ಹೋದೆ.

ಅದೊಂದು ಆಟ. ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ನಾಲ್ಕೈದು ಮಂದಿ ಮೇಜಿನ ಸುತ್ತ ಕೂರುತ್ತಾರೆ. ಒಬ್ಬನು ಕಥೆಯನ್ನು ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವನ್ನು ವಹಿಸಿ, ಆ ಪಾತ್ರವಾಗಿಯೇ ಮಾತನಾಡುತ್ತಾರೆ. ವೇಷವಿಲ್ಲ, ರಂಗವಿಲ್ಲ. ಕತ್ತಿಯ ಏಟು ತಾಗಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖಗಳ ದಾಳ ಹೇಳುತ್ತದೆ. ಪ್ರತಿ ಪಾತ್ರಕ್ಕೂ ದೇಹಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ಜನರನ್ನು ಸೆಳೆಯುವ ಶಕ್ತಿ ಎಂದು ಆರು ಗುಣಗಳು. ಇವನ ಪದ್ಧತಿಯಲ್ಲಿ ಪ್ರತಿಯೊಂದೂ ಎಂಟರಿಂದ ಆರಂಭ. ಕೈಯಲ್ಲಿ ಇಪ್ಪತ್ತೇಳು ಅಂಕಗಳಿರುತ್ತವೆ. ಅವನ್ನು ಖರ್ಚು ಮಾಡಿ ಯಾವ ಗುಣವನ್ನಾದರೂ ಹದಿನೈದರವರೆಗೆ ಏರಿಸಬಹುದು. ಹದಿಮೂರರ ಮೇಲಿನ ಮೆಟ್ಟಿಲುಗಳಿಗೆ ಬೆಲೆ ಇಮ್ಮಡಿ. ಎಲ್ಲವನ್ನೂ ಏರಿಸಲಾಗದು. ಒಂದನ್ನು ಏರಿಸಿದರೆ ಇನ್ನೊಂದು ಬಡವಾಗುತ್ತದೆ.

"ಇದಕ್ಕೆ ಬಿಲ್ಡ್ ಅಂತಾರೆ ಅಜ್ಜಾ. ಬಿಲ್ಡ್ ಸರಿಯಾಗಿದ್ದರೆ ನಮ್ಮನ್ನು ಯಾರೂ ಸೋಲಿಸಲಾಗುವುದಿಲ್ಲ" ಎಂದ.

ಆ ಕೊನೆಯ ಮಾತು ನನ್ನನ್ನು ನಲವತ್ತು ವರ್ಷ ಹಿಂದಕ್ಕೆ ಎಳೆಯಿತು. ಅದನ್ನು ಹೇಳುವುದಕ್ಕೆ ಮೊದಲು ಇನ್ನೊಂದು ಸಂಗತಿ. ಈ ಆಟವನ್ನು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕದವರು ರೂಪಿಸಿ 1974ರಲ್ಲಿ ಪ್ರಕಟಿಸಿದರಂತೆ. ಅದೇ ವರ್ಷ ನಾನು ಯಲ್ಲಾಪುರ ತಾಲೂಕಿನ ಹೈಸ್ಕೂಲೊಂದರಲ್ಲಿ ಕೆಲಸಕ್ಕೆ ಸೇರಿದೆ. ಅಂದಿನ ನಿಯಮದಲ್ಲಿ ಈ ಇಪ್ಪತ್ತೇಳು ಅಂಕಗಳ ಸೌಕರ್ಯ ಇರಲಿಲ್ಲ. ಮೂರು ದಾಳಗಳನ್ನು ಆರು ಸಲ ಎಸೆಯಬೇಕು, ಬಿದ್ದದ್ದನ್ನು ಬಿದ್ದ ಕ್ರಮದಲ್ಲಿಯೇ ಬರೆದುಕೊಳ್ಳಬೇಕು. ಬಿದ್ದದ್ದೇ ಪ್ರಾರಬ್ಧ. ಆಯ್ದು ಕಟ್ಟುವ ಪದ್ಧತಿ ಬಂದದ್ದು ಆಮೇಲೆ. ಮೊಮ್ಮಗ ಇದನ್ನು ಹೇಳುತ್ತಿದ್ದಾಗ ನನಗೆ ಅನ್ನಿಸಿತು: ನಮ್ಮ ತಾಳಮದ್ದಳೆಯ ಚರಿತ್ರೆಯೂ ಹೀಗೆಯೇ ನಡೆದಿದೆಯಲ್ಲ!

ನನ್ನ ವಿದ್ಯಾರ್ಥಿಗಳಲ್ಲಿ ಬಯಲುಸೀಮೆಗೂ ಪರದೇಶಕ್ಕೂ ಹೋಗಿ ನೆಲೆಸಿದವರ ಮಕ್ಕಳಿಗಾಗಿ ಎರಡು ಮಾತು. ತಾಳಮದ್ದಳೆಯೆಂದರೆ ವೇಷ, ಕುಣಿತಗಳನ್ನು ತೆಗೆದ ಯಕ್ಷಗಾನ. ಭಾಗವತರು ಪದ್ಯ ಹಾಡುತ್ತಾರೆ, ಮದ್ದಳೆ ನುಡಿಯುತ್ತದೆ. ಪಂಚೆ, ಶಾಲು ಹೊದ್ದು ಎದುರುಬದುರು ಕುಳಿತ ಅರ್ಥಧಾರಿಗಳು ಆ ಪದ್ಯವನ್ನು ಹಿಡಿದು ಪಾತ್ರವಾಗಿ ಮಾತನಾಡುತ್ತಾರೆ. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳೇ ಇರಲಿ, ದೇವಿದಾಸನ ಕೃಷ್ಣಸಂಧಾನವೇ ಇರಲಿ, ಮಾತನ್ನು ಯಾರೂ ಬರೆದಿಟ್ಟಿಲ್ಲ. ಅದು ಆ ರಾತ್ರಿ, ಆ ಬಾಯಿಂದ, ಆ ಎದುರಾಳಿಯ ಮುಂದೆ ಹುಟ್ಟಬೇಕು. ಬಳ್ಳಾರಿ ಸೀಮೆಯ ಕುರುಗೋಡಿನ ಬಳಿಯ ಸೋಮಸಮುದ್ರದಲ್ಲಿ ದೊರೆತ 1556ರ ಶಾಸನದಲ್ಲಿ ತಾಳಮದ್ದಳೆಯವರಿಗೆ ಭೂಮಿ ಬಿಟ್ಟ ಉಲ್ಲೇಖವಿದೆ. ಅಂದಿನವರು ಇಂದಿನಂತೆಯೇ ಅರ್ಥ ಹೇಳುತ್ತಿದ್ದರೆಂದು ಅಷ್ಟರಿಂದಲೇ ಸಾಧಿಸಲಾಗದು. ಹೆಸರಂತೂ ಅಷ್ಟು ಹಳೆಯದು.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಳ್ಳಿಗಳಲ್ಲಿ ಇದು ಮಳೆಗಾಲದ ಕಲೆ. ದೀಪಾವಳಿಯ ನಂತರ ತಿರುಗಾಟಕ್ಕೆ ಹೊರಟ ಮೇಳಗಳು ಮಳೆ ಹಿಡಿಯುವ ಮುನ್ನ ಗೆಜ್ಜೆ ಬಿಚ್ಚುತ್ತಿದ್ದವು. ಆಮೇಲೆ ನಾಲ್ಕು ತಿಂಗಳು ಹೊಳೆ ತುಂಬಿ, ಕಾಲುಸಂಕ ತೇಲಿಹೋಗಿ, ಊರಿಗೂ ಊರಿಗೂ ಸಂಪರ್ಕ ತಪ್ಪುತ್ತಿತ್ತು. ಯಾರದಾದರೂ ಮನೆಯಲ್ಲಿ ಪೂಜೆಯೋ ಶ್ರಾದ್ಧವೋ ಮುಗಿದ ರಾತ್ರಿ ಜಗಲಿಯ ಮೇಲೆ ಕಂಬಳಿ ಹಾಸಿ, ಗ್ಯಾಸ್‌ಲೈಟು ತೂಗುಹಾಕಿ, ಕವಳದ ಹರಿವಾಣ ನಡುವಿಟ್ಟರೆ ಕೂಟ ಸಿದ್ಧ. ಚಳಿಗಾಲದಲ್ಲಿ ಅಡಕೆ ಸುಲಿಯುವ ರಾತ್ರಿಗಳೂ ಇದ್ದವು. ಮೆಟ್ಟುಗತ್ತಿಯ ಮುಂದೆ ಕುಳಿತವರೇ ಕೌರವ, ಅವರೇ ಭೀಮ. ನಾನು ಮೊದಲ ಅರ್ಥ ಹೇಳಿದ್ದು ಹಾಗೆ, ಅಡಕೆ ಸುಲಿಯುತ್ತಲೇ. ದೂತನ ಪಾತ್ರ, ಒಂದೂವರೆ ವಾಕ್ಯ.

ಪಾತ್ರ ಹಂಚುವ ಬಗೆಯೇ ಒಂದು ಶಾಸ್ತ್ರವಾಗಿತ್ತು. ನಮ್ಮ ಅಜ್ಜನ ಮನೆಯಲ್ಲಿ ಪ್ರಸಂಗವನ್ನು ಮೊದಲೇ ನಿಶ್ಚಯಿಸುತ್ತಿರಲಿಲ್ಲ. ಕತ್ತಲಾದ ಮೇಲೆ ಭಾಗವತರು ಕಾಲು ತೊಳೆದು ಒಳಬಂದು, ಕವಳ ಹಾಕುತ್ತ, "ಯಾರ್ಯಾರು ಬಂದಿದ್ದಾರೆ?" ಎಂದು ಕೇಳುತ್ತಿದ್ದರು. ಹೊಳೆ ದಾಟಿ ಯಾರು ಬರಬಲ್ಲರು ಎಂಬುದು ಮಳೆಯ ಕೈಯಲ್ಲಿತ್ತು. ನಮ್ಮ ದಾಳ ಅದೇ. ಸಮರ್ಥರು ನಾಲ್ವರಿದ್ದರೆ ಕೃಷ್ಣಸಂಧಾನ. ಇಬ್ಬರೇ ಇದ್ದು, ಉಳಿದವರು ಕಲಿಯುವ ಹುಡುಗರಾದರೆ ವಾಲಿವಧೆಯೋ ಕರ್ಣಪರ್ವವೋ. ಒಬ್ಬ ಹಿರಿಯನಿಗೆ ಆ ದಿನ ಗಂಟಲು ಕಟ್ಟಿದ್ದರೆ ಅವನಿಗೆ ಕೌರವ ಸಲ್ಲದು, ವಿದುರನಾದರೆ ಆಗಬಹುದು. ವಿದುರನ ಒಡೆದ ದನಿ ಭಕ್ತಿಯಂತೆಯೇ ಕೇಳಿಸುತ್ತದೆ! ಬೇಗ ಸಿಟ್ಟುಗೊಳ್ಳುವವನಿಗೆ ಕೃಷ್ಣನನ್ನು ಎಂದೂ ಕೊಡುತ್ತಿರಲಿಲ್ಲ, ಅವನಿಗೆ ಭಾರತ ಎಷ್ಟೇ ಕಂಠಪಾಠವಿರಲಿ. ಎಪ್ಪತ್ತು ದಾಟಿದ ಬೊಚ್ಚುಬಾಯಿಯ ಅಜ್ಜ ದ್ರೌಪದಿಯಾಗುತ್ತಿದ್ದ, ಬೆಳಗಿನ ಜಾವಕ್ಕೆ ಹೆಂಗಸರ ಕಡೆ ಸೆರಗು ಕಣ್ಣಿಗೇರುತ್ತಿತ್ತು.

ಆಟದಲ್ಲಿ ಈ ಸ್ವಾತಂತ್ರ್ಯವಿಲ್ಲ. ಅಲ್ಲಿ ಎತ್ತರ, ಮುಖದ ಅಳತೆ, ಕಾಲಿನ ಕಸುವು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಬಡಗುತಿಟ್ಟಿನಲ್ಲಿ ನಾಯಕ ಪಾತ್ರವನ್ನು ಎರಡನೇ ವೇಷವೆನ್ನುತ್ತಾರೆ; ಮೊದಲನೆಯವನು ಯಾರೆಂದರೆ ಬಣ್ಣವನ್ನೇ ಹಚ್ಚದ ಭಾಗವತ. ಅವನೆದುರಿಗೆ ಎದುರು ವೇಷ, ಬಣ್ಣದ ವೇಷ, ಸ್ತ್ರೀವೇಷ, ಹಾಸ್ಯ. ಯಾರು ಎಲ್ಲಿಗೆ ಹೊಂದುತ್ತಾರೆಂದು ಗುರುತಿಸುವುದರಲ್ಲಿಯೇ ಮೇಳದ ಬದುಕಿತ್ತು. ಘಟ್ಟದ ಕೆಳಗಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರನ್ನು (1933–2017) ನೆನೆಯಿರಿ. ಶಾಲೆಯ ಓದು ಅವರಿಗೆ ಒದಗಿದ್ದು ಅತ್ಯಲ್ಪ. ಆ ಕೊರತೆಯನ್ನು ತುಂಬಿಸುವುದಕ್ಕೆ ಹೊರಡದೆ, ಮಾತಿಗಿಂತ ಕಣ್ಣು, ಹೆಜ್ಜೆ, ಮೈ ಹೆಚ್ಚು ಹೇಳುವ ಕೀಚಕನನ್ನೂ ಭಸ್ಮಾಸುರನನ್ನೂ ತಮ್ಮವನ್ನಾಗಿ ಮಾಡಿಕೊಂಡರು. 2012ರಲ್ಲಿ ಪದ್ಮಶ್ರೀ ಬಂತು. ಶಿರಸಿ ಸೀಮೆಯ ನೆಬ್ಬೂರು ನಾರಾಯಣ ಭಾಗವತರು ಅಬ್ಬರವಿಲ್ಲದ ತಮ್ಮ ಕಂಠವನ್ನು ಹಾಗೆಯೇ ಇರಿಸಿಕೊಂಡು, ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದಲ್ಲಿ ದಶಕಗಟ್ಟಲೆ ಹಾಡಿದರು. ನಮ್ಮವರೇ ಆದ ಹೊಸ್ತೋಟ ಮಂಜುನಾಥ ಭಾಗವತರಂತೂ ಕಣ್ಣು ಕಾಣದ ಮಕ್ಕಳಿಗೆ ಯಕ್ಷಗಾನ ಕಲಿಸಿ ರಂಗಕ್ಕೆ ತಂದರು. ಕೊರತೆಯಿಂದಲೇ ಪಾತ್ರವನ್ನು ಕಟ್ಟುವುದು ಅವರಿಗೆ ಗೊತ್ತಿತ್ತು. ನೆಬ್ಬೂರರು 2019ರಲ್ಲಿ, ಹೊಸ್ತೋಟದವರು 2020ರಲ್ಲಿ ತೀರಿಕೊಂಡರು.

ಇನ್ನು ನನ್ನ ಸೋದರಮಾವನ ಮಾತು. ಸಿದ್ದಾಪುರದ ಕಡೆಯ ಸಣ್ಣ ಹಿಡುವಳಿಯ ತೋಟಿಗ. ಊರು ಬಿಟ್ಟು ಹೆಚ್ಚು ದೂರ ಹೋದವನಲ್ಲ. ಅವನ ಶಲ್ಯನನ್ನು ಕೇಳುವುದಕ್ಕೆಂದೇ ಜನ ಮೂರು ಹರದಾರಿ ನಡೆದು ಬರುತ್ತಿದ್ದರು. ಕರ್ಣಪರ್ವದಲ್ಲಿ ಕರ್ಣನಿಗೆ ಶಾಪವಿದೆ, ದಾನವಿದೆ, ತಾಯಿಯಿದ್ದಾಳೆ, ಮರುಕವೆಲ್ಲ ಅವನದೇ. ಅರ್ಜುನನಿಗೆ ಮಗನ ಸಾವಿದೆ. ಶಲ್ಯನಿಗೇನಿದೆ? ಅವನೊಬ್ಬ ಸಾರಥಿ, ಅದೂ ಮನಸ್ಸಿಲ್ಲದ ಸಾರಥಿ. ಮೊಮ್ಮಗನ ಹಾಳೆಯಲ್ಲಿ ಬರೆದರೆ ಆರು ಮನೆಗಳಿಗೂ ಎಂಟೆಂಟೇ ಬಿದ್ದಾವು. ಆದರೆ ಸರ್ಪಾಸ್ತ್ರ ಹೂಡಿದ ಕರ್ಣನಿಗೆ ಗುರಿಯನ್ನು ತಿದ್ದಿಕೋ ಎನ್ನುವವನು ಅವನು. ಒಮ್ಮೆ ಹೂಡಿದ ಬಾಣವನ್ನು ಮತ್ತೆ ಹೂಡೆನೆಂದು ಕರ್ಣ ಹೇಳಿದಾಗ ರಥವಿಳಿದು ಹೋಗುವವನೂ ಅವನೇ. ಮಾವ ಆ ಸಂದರ್ಭದಲ್ಲಿ ಏನನ್ನೂ ಹೇಳುತ್ತಿರಲಿಲ್ಲ. ಶಾಲನ್ನು ಹೆಗಲಿನಿಂದ ತೆಗೆದು, ನಿಧಾನವಾಗಿ ಮಡಚಿ, ಪಕ್ಕದಲ್ಲಿ ಇಡುತ್ತಿದ್ದ. ಅಷ್ಟೆ. ಕರ್ಣನ ಅರ್ಥಧಾರಿಗೆ ಆಮೇಲೆ ಎಷ್ಟು ಬೇಕೋ ಅಷ್ಟು ಜಾಗ ಉಳಿಯುತ್ತಿತ್ತು. ತನ್ನ ಪಾತ್ರವನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕೆಂಬುದನ್ನು ಅವನು ಎದುರಿನವನನ್ನು ನೋಡಿ ನಿಶ್ಚಯಿಸುತ್ತಿದ್ದನೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಅಷ್ಟರಲ್ಲಿ ಕಾಲ ಬದಲಾಗತೊಡಗಿತ್ತು. ಕಳೆದ ಶತಮಾನದ ಉತ್ತರಾರ್ಧದಲ್ಲಿ ತಾಳಮದ್ದಳೆ ಜಗಲಿಯಿಂದಿಳಿದು ಸಭಾಭವನಕ್ಕೆ ನಡೆಯಿತು. ಶೇಣಿ ಗೋಪಾಲಕೃಷ್ಣ ಭಟ್ಟರು, ದೇರಾಜೆ ಸೀತಾರಾಮಯ್ಯನವರು, ಮಲ್ಪೆ ಶಂಕರನಾರಾಯಣ ಸಾಮಗರು, ರಾಮದಾಸ ಸಾಮಗರು ಮುಂತಾದ ತೆಂಕಿನ ಮಹಾಮೇಧಾವಿಗಳ ಹೆಸರು ನಮ್ಮಲ್ಲಿಯೂ ಮನೆಮಾತಾಯಿತು. ಕರಪತ್ರದಲ್ಲಿ ಪಾತ್ರದ ಮುಂದೆ ವ್ಯಕ್ತಿಯ ಹೆಸರು ಮೊದಲೇ ಅಚ್ಚಾಗಿ ಬರುತ್ತಿತ್ತು. ವಾಲಿ ಎಂಬುದು ಹೋಗಿ ಶೇಣಿಯವರ ವಾಲಿ ಎಂದಾಯಿತು. ಇದರಿಂದ ಕಲೆಗೆ ಆದ ಲಾಭ ಅಪಾರ. ಆ ಎತ್ತರದ ಸಂವಾದಗಳು ಹಳ್ಳಿಯ ಕೂಟದಲ್ಲಿ ಹುಟ್ಟುವುದು ಸಾಧ್ಯವಿರಲಿಲ್ಲ. ಆದರೆ ಅವರ ಹಿಂದೆ ಅರ್ಧ ಶತಮಾನದ ಓದು, ತಿರುಗಾಟ, ಸೋಲು ಇದ್ದವು. ಎಂಬತ್ತರ ದಶಕದಲ್ಲಿ ಕ್ಯಾಸೆಟ್ಟು ಬಂತು. ಓದು, ಸೋಲುಗಳನ್ನು ಬಿಟ್ಟು ಮಾತನ್ನು ಮಾತ್ರ ನಮ್ಮಂಥವರ ಮನೆಗೆ ತಂದುಕೊಟ್ಟಿತು. ಈಗಿನ ಹುಡುಗರು ಎಂಥ ಪಾತ್ರ ಕಟ್ಟಿದರೆ ಗೆಲ್ಲಬಹುದೆಂಬ ಸೂತ್ರಗಳನ್ನು ಅಂತರ್ಜಾಲದಲ್ಲಿ ಹುಡುಕುತ್ತಾರಂತೆ. ನಾವು ಟೇಪ್ ರೆಕಾರ್ಡರಿನ ಗುಂಡಿಯನ್ನು ಹಿಂದಕ್ಕೂ ಮುಂದಕ್ಕೂ ಒತ್ತುತ್ತಿದ್ದೆವು.

1983ರ ಶ್ರಾವಣ. ಮಾವನ ಮನೆಯಲ್ಲಿಯೇ ಕೂಟ, ಪ್ರಸಂಗ ವಾಲಿವಧೆ. ವಾಲಿ ನನಗಿರಲಿ ಎಂದು ತಿಂಗಳ ಮೊದಲೇ ಹೇಳಿಟ್ಟಿದ್ದೆ. ಹಾಗೆ ಪಾತ್ರವನ್ನು ಕಾದಿರಿಸುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಹೈಸ್ಕೂಲು ಮಾಸ್ತರನಾದ ಅಳಿಯನೆಂದು ಒಪ್ಪಿದರು. ರಾಮ, ಮಾವನದು.

ನನ್ನ ಲೆಕ್ಕ ಬಹಳ ಸರಳವಾಗಿತ್ತು. ಮರೆಯಲ್ಲಿ ನಿಂತು ಬಾಣ ಬಿಟ್ಟವನು ರಾಮ. ಕೇಳುವ ಹಕ್ಕೆಲ್ಲ ವಾಲಿಗೆ, ಉತ್ತರಿಸುವ ಹೊಣೆಯೆಲ್ಲ ರಾಮನಿಗೆ. ಸಾಯುತ್ತಿರುವವನ ಕಡೆಗೆ ಸಭೆ ತಾನಾಗಿ ವಾಲುತ್ತದೆ. ಇದಕ್ಕಿಂತ ಲಾಭದ ಪಾತ್ರ ಇನ್ನೊಂದಿಲ್ಲ. ವಾಲ್ಮೀಕಿಯ ಕಿಷ್ಕಿಂಧಾಕಾಂಡದ ಹದಿನೇಳು, ಹದಿನೆಂಟನೆಯ ಸರ್ಗಗಳನ್ನು ಅರೆದು ಕುಡಿದೆ. ನಿನ್ನ ನಾಡಿನಲ್ಲಿ ನಾನು ಯಾವ ಅಪರಾಧವನ್ನೂ ಮಾಡಲಿಲ್ಲ. ಇನ್ನೊಬ್ಬನೊಡನೆ ಕಾದುತ್ತಿದ್ದವನನ್ನು ಹೊಡೆದೆ. ಕಪಿಯ ಚರ್ಮವೂ ಮಾಂಸವೂ ನಿನ್ನಂಥವರಿಗೆ ಸಲ್ಲುವುದಿಲ್ಲ. ನನ್ನನ್ನೇ ಕೇಳಿದ್ದರೆ ಒಂದೇ ದಿನದಲ್ಲಿ ಸೀತೆಯನ್ನು ತಂದೊಪ್ಪಿಸುತ್ತಿದ್ದೆ. ಇವು ಮೂಲದಲ್ಲಿಯೇ ಇವೆ. ಅದರ ಮೇಲೆ ಕ್ಯಾಸೆಟ್ಟಿನಿಂದ ಎತ್ತಿದವು, ನಾನೇ ಹೊಸೆದವು ಸೇರಿ ನಲವತ್ತು ಪ್ರಶ್ನೆಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದು ಬಾಯಿಪಾಠ ಮಾಡಿದೆ. ಪ್ರತಿ ಪ್ರಶ್ನೆಗೂ ಬರಬಹುದಾದ ಉತ್ತರ, ಆ ಉತ್ತರಕ್ಕೆ ಮರುಪ್ರಶ್ನೆ. ಮೊಮ್ಮಗನ ಹಾಳೆಗೂ ನನ್ನ ನೋಟುಬುಕ್ಕಿಗೂ ವ್ಯತ್ಯಾಸವೇನೂ ಇಲ್ಲ.

ಒಂದನ್ನು ಮರೆತೆ. ವಾಲಿಯ ಪಾತ್ರಕ್ಕೆ ಒಂದು ಕಟ್ಟಿದೆ: ಕೊನೆಯಲ್ಲಿ ಅವನು ಒಪ್ಪಬೇಕು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ತಪ್ಪು ಅವನೊಳಗೆಲ್ಲೋ ಚುಚ್ಚುತ್ತಿರಬೇಕು; ಕೇಳುವ ಪ್ರಶ್ನೆಯಲ್ಲಿಯೇ ಸೋಲುವ ದಾರಿಯೊಂದು ತೆರೆದಿರಬೇಕು. ಹಾಗಿಲ್ಲದಿದ್ದರೆ ಅಂಗದನ ಕೈಯನ್ನು ರಾಮನಿಗೆ ಒಪ್ಪಿಸುವ ವಾಲಿಗೂ ಬೈಯುತ್ತಿದ್ದ ವಾಲಿಗೂ ಸಂಬಂಧವೇ ಉಳಿಯುವುದಿಲ್ಲ. ನಾನು ಕಟ್ಟಿದ ವಾಲಿಗೆ ಅಂಥ ಬಾಗಿಲೇ ಇರಲಿಲ್ಲ.

ಮಾವ ಮೊದಲ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಿದ. ಈ ಭೂಮಿ ಇಕ್ಷ್ವಾಕುಗಳದು, ಭರತನ ಆಳ್ವಿಕೆಯಲ್ಲಿದೆ, ಅಧರ್ಮವನ್ನು ದಂಡಿಸುವುದು ನನಗೆ ವಿಹಿತ ಎಂದ. ರುಮೆಯ ಮಾತನ್ನು ಎತ್ತಿದ. ನಾನು ನಿಲ್ಲಲಿಲ್ಲ. ನಾಲ್ಕನೆಯದು, ಐದನೆಯದು, ಹತ್ತನೆಯದು. ಜಗಲಿಯ ಅಂಚಿನಿಂದ ಯಾರೋ "ಭಲೆ" ಎಂದರು. ಅದು ನನ್ನ ತಲೆಗೇರಿತು. ಮಾವ ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಭಾಗವತರ ಮುಖ ನೋಡಿದ, ಆಮೇಲೆ ಮಾತನಾಡಲಿಲ್ಲ. ಶಲ್ಯನ ಮೌನವನ್ನು ನಾನು ಬಲ್ಲೆ, ಇದು ಅದಲ್ಲ. ಭಾಗವತರು ಹೊತ್ತು ನೋಡಿ ಮುಂದಿನ ಪದ್ಯ ಎತ್ತಿದರು, ವಾಲಿಯ ಶರಣಾಗತಿಯ ಪದ್ಯ. ನಾನು ಹತ್ತಿ ಕುಳಿತ ಎತ್ತರದಿಂದ ಇಳಿಯುವುದಕ್ಕೆ ಮೆಟ್ಟಿಲಿರಲಿಲ್ಲ. ಭಕ್ತಿಯ ನಾಲ್ಕು ಮಾತು ಉದುರಿಸಿದೆ. ಸುಳ್ಳೆಂದು ನನಗೂ ತಿಳಿಯಿತು, ಕೇಳಿದವರಿಗೂ ತಿಳಿಯಿತು.

ಬೆಳಗ್ಗೆ ಕಷಾಯ ಕುಡಿಯುತ್ತಿದ್ದಾಗ ಮಾವ "ಚೊಲೋ ಆತು ಮಾಣಿ" ಎಂದ. ಅಷ್ಟೇ ಎಂದ. ಅದರ ನಂತರ ಹನ್ನೊಂದು ವರ್ಷ ಬದುಕಿದ್ದ. ವಿದುರ, ಸುಗ್ರೀವ, ಶಲ್ಯ ಎಲ್ಲ ಹೇಳಿದ. ರಾಮನಾಗಿ ಕುಳಿತದ್ದನ್ನು ನಾನು ಕಾಣಲಿಲ್ಲ. ಕೇಳಬೇಕೆಂದು ಎಷ್ಟೋ ಸಲ ಬಾಯಿಗೆ ಬಂದು ನಿಂತಿತು.

ಅವನು ತೀರಿಕೊಂಡ ಮೇಲೆ ಅತ್ತೆ ಅವನ ಪ್ರಸಂಗ ಪುಸ್ತಕಗಳ ಗಂಟನ್ನು ನನಗೆ ಕೊಟ್ಟರು. ಬೈಂಡು ಕಿತ್ತುಹೋದ, ಕವಳದ ಕಲೆಯಾದ ಪುಸ್ತಕಗಳು. ವಾಲಿವಧೆಯನ್ನು ತೆರೆಯುವುದಕ್ಕೆ ನನಗೆ ವರ್ಷ ಹಿಡಿಯಿತು. ರಾಮನ ಪದ್ಯಗಳ ಪಕ್ಕದಲ್ಲಿ, ಅಂಚಿನ ಉದ್ದಕ್ಕೂ, ಶಾಯಿಯಲ್ಲಿ ಸಣ್ಣ ಅಕ್ಷರಗಳು. ನನ್ನ ನಾಲ್ಕನೆಯ ಪ್ರಶ್ನೆಗೆ ಉತ್ತರವಿತ್ತು. ಐದನೆಯದಕ್ಕಿತ್ತು. ಹತ್ತನೆಯದಕ್ಕೆ ಎರಡು ಇದ್ದವು. ಶಾಯಿ ಮಾಸಿದ ರೀತಿಯನ್ನು ನೋಡಿದರೆ ನಾನು ಹುಟ್ಟುವುದಕ್ಕೆ ಮುಂಚೆ ಬರೆದದ್ದಿರಬೇಕು. ಅವನ್ನೇಕೆ ಅಂದು ಹೇಳಲಿಲ್ಲ? ಬಂಧುಗಳ ಮುಂದೆ ಅಳಿಯ ಸೋಲಬಾರದೆಂದೆ? ಉತ್ತರಿಸಿದರೆ ಬೆಳಗಾಗುವವರೆಗೂ ಪ್ರಸಂಗ ಮುಗಿಯದೆಂದೆ? ಅಥವಾ ಅಂಥ ವಾಲಿಗೆ ರಾಮನಾಗುವ ಮನಸ್ಸೇ ಹೋಯಿತೆ?

ಇದನ್ನೆಲ್ಲ ಹೇಳಿದಾಗ ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರ ಆಟದಲ್ಲಿಯೂ ಅಂಥವರಿರುತ್ತಾರೆಂದ. ಲೆಕ್ಕ ಹಾಕಿ ಪಾತ್ರ ಕಟ್ಟಿಕೊಂಡು ಬಂದು, ಜೊತೆಗಿದ್ದವರಿಗೆ ಮಾಡಲು ಏನನ್ನೂ ಉಳಿಸದವರು; ಮುಂದಿನ ಸಲ ಅವರನ್ನು ಯಾರೂ ಕರೆಯುವುದಿಲ್ಲವಂತೆ. ನಮ್ಮ ಕಡೆ ಕರೆಯುವುದನ್ನು ಬಿಡುವುದಿಲ್ಲ, ಅದೂ ಒಂದು ಕಷ್ಟ.

ಈಗ ಕೂಟಗಳಿಗೆ ಎರಡೂವರೆ, ಮೂರು ಗಂಟೆಯ ಕಾಲಮಿತಿ. ಪೀಠಿಕೆಗೇ ಮುಕ್ಕಾಲು ಗಂಟೆ ಹೋದರೆ ಎದುರಿನವನಿಗೆ ಉಳಿಯುವುದೇನು? ಆದರೂ ನಾನು ಹತಾಶನಲ್ಲ. ಸಂಸ್ಕೃತ ಪ್ರಾಧ್ಯಾಪಕರೂ ಯಕ್ಷಗಾನ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದ ಸಿದ್ದಾಪುರದ ಎಂ. ಎ. ಹೆಗಡೆಯವರನ್ನು 2021ರಲ್ಲಿ ಕೋವಿಡ್ ಕಿತ್ತುಕೊಂಡಿತು. ಅವರಂತೆ ಶಾಸ್ತ್ರ ಬಲ್ಲವರು ನಮ್ಮ ನಡುವೆ ಇನ್ನೂ ಇದ್ದಾರೆ. ಹೆಂಗಸರ ಕೂಟಗಳು ಹುಟ್ಟಿವೆ. ಈಚೆಗೆ ಅಂಥದೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಶಲ್ಯನಾಗಿದ್ದಳು. ರಥ ಇಳಿಯುವಾಗ ಅವಳು ಆಡಿದ್ದು ಒಂದೇ ವಾಕ್ಯ. ನಾನು ಎದ್ದು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಬರುವ ಮಳೆಗಾಲದಲ್ಲಿ ಮಾವನ ಮನೆಯ ಜಗಲಿಯಲ್ಲಿ ಮತ್ತೆ ವಾಲಿವಧೆಯಿದೆ. ರಾಮ ನನಗಿರಲಿ ಎಂದು ಈ ಸಲವೂ ಮೊದಲೇ ಹೇಳಿಟ್ಟಿದ್ದೇನೆ. ಎಪ್ಪತ್ತು ದಾಟಿದವನ ಮಾತನ್ನು ತೆಗೆದುಹಾಕಲಾರದೆ ಒಪ್ಪಿದ್ದಾರೆ. ವಾಲಿ ನನ್ನ ಕೈಯಲ್ಲಿ ಹತ್ತನೆಯ ತರಗತಿ ಓದಿದವನು, ಈಗ ಯಲ್ಲಾಪುರದಲ್ಲಿ ವಕೀಲ, ಒಳ್ಳೆಯ ಮಾತುಗಾರ. ಅವನು ಇದನ್ನು ಓದುತ್ತಾನೆಂದು ಬಲ್ಲೆ. ಮಾವನ ಪುಸ್ತಕ ನನ್ನ ಬಳಿಯಿದೆಯೆಂಬುದು ಅವನಿಗೆ ಈಗ ಗೊತ್ತಾಯಿತು. ನೋಟುಬುಕ್ಕು ತರುವುದಾದರೆ ತರಲಿ.